ಪ್ಲಗ್ಗು ನನ್ನ ಜೇಬಿನಲ್ಲೇ ಇತ್ತು

ದೆವ್ವ, ಭೂತ, ಗಾಳಿ ಎಂದು ಯಾರಾದರೂ ಬಾಯಿ ತೆರೆದರೆ ನನಗೆ ಮೈ ಉರಿಯುತ್ತಿತ್ತು. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಲೇತ್ ಮುಂದೆ ನಿಂತವನು ನಾನು. ಯಂತ್ರ ನಿಂತರೆ ಅದಕ್ಕೊಂದು ಕಾರಣ, ಓಡಿದರೆ ಅದಕ್ಕೊಂದು ಕಾರಣ. ಕಾರಣ ಸಿಗಲಿಲ್ಲ ಎಂದರೆ ಹುಡುಕಿದವನು ಸರಿಯಾಗಿ ಹುಡುಕಿಲ್ಲ ಎಂದೇ ವಾದಿಸುತ್ತಿದ್ದೆ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ, "ಸಾಕು ಬಿಡಪ್ಪ, ಕಾಗೆ ಹಾರಿಸಬೇಡ" ಎಂದು ಎದ್ದು ಹೋಗುತ್ತಿದ್ದೆ. ನೀವೂ ಹಾಗೆ ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ನನಗೊಂದು ಹುಚ್ಚಿತ್ತು. ನೂರಿಪ್ಪತ್ತೈದು ಸಿಸಿಯ ಒಂದು ಬೈಕು. ಹಳೇ ಕಾಲದ ಗಾಡಿಗಳ ಹಾಗೆ ದುಂಡನೆಯ ಹೆಡ್‌ಲೈಟು, ಹೊಟ್ಟೆ ತುಂಬಿದಂಥ ಟ್ಯಾಂಕು, ಕಡ್ಡಿಗಳ ಚಕ್ರ, ಕಿಕ್ಕರ್. ಬಂದಷ್ಟೇ ಬೇಗ ಅಂಗಡಿಗಳಿಂದ ಮಾಯವಾಯಿತು, ಕೊಂಡವರೇ ಕಡಿಮೆ. ಆಗ ನನ್ನ ಕೈ ಖಾಲಿ. ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಗಾಡಿಯೇ ಇಲ್ಲ. ಆರು ವರ್ಷ ಹುಡುಕಿದೆ. ಯಶವಂತಪುರ, ಆರ್.ಟಿ. ನಗರ, ಯಲಹಂಕ, ಹಳೆ ಗಾಡಿ ಮಾರುವ ಕಡೆಯಲ್ಲೆಲ್ಲ ಭಾನುವಾರಗಳನ್ನು ಕಳೆದೆ. "ಅದೇನು ಬೈಕೋ, ನನ್ನ ಸವತಿನೋ?" ಎಂದು ಹೆಂಡತಿ ಕಾಡಿಸುತ್ತಿದ್ದಳು.

ಕೊನೆಗೆ ಸಿಕ್ಕಿದ್ದು ಚಿಕ್ಕಬಾಣಾವರದಲ್ಲಿ. ಮುನಿಯಮ್ಮ ಎಂಬುವರ ಮನೆ. ಹಳೆ ಒಕ್ಕಲು ಮನೆತನ, ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳಿವೆ. ಗಾಡಿ ಅವರ ಯಜಮಾನರದು. ಯಜಮಾನರು ತೀರಿಕೊಂಡು ಮೂರು ವರ್ಷ. ಅಂದಿನಿಂದ ಅದು ಹಜಾರದ ಪಕ್ಕದ ಕೋಣೆಯಲ್ಲೇ ನಿಂತಿತ್ತು. ಕೋಣೆಗೆ ಕಿಟಕಿಯಿಲ್ಲ, ಹಜಾರದಿಂದ ಒಂದೇ ಬಾಗಿಲು. ಗಾಡಿ ನೋಡಿದ ಕೂಡಲೇ ಟ್ಯಾಂಕಿನ ಧೂಳನ್ನು ನನ್ನ ಅಂಗಿಯ ತೋಳಿನಿಂದಲೇ ಒರೆಸಿದೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಟ್ಯಾಂಕು ಒಣಗಿತ್ತು. ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಬಿಚ್ಚಿ ನೋಡಿದರೆ ಮಸಿ ಕಟ್ಟಿತ್ತು. ಕಾರ್ಖಾನೆಯಲ್ಲಿ ಶುಚಿ ಮಾಡಿ ತರುತ್ತೇನೆಂದು ಜೇಬಿಗೆ ಹಾಕಿಕೊಂಡೆ.

"ಬ್ಯಾರೆಯವ್ರೂ ಕೇಳವ್ರೆ, ನಾನ್ ಕೊಟ್ಟಿಲ್ಲ," ಎಂದರು ಮುನಿಯಮ್ಮ. "ನೀವು ಗಾಡಿ ಮುಟ್ಟೋದು ನೋಡಿದ್ರೆ ಕೊಡ್ಬೌದು ಅನ್ನುಸ್ತದೆ. ಆದ್ರೆ ಆಯುಧಪೂಜೆ ಆಗ್ಲಿ ಸ್ವಾಮಿ. ನಿಂಬೆಹಣ್ಣಿನ ಮ್ಯಾಲೆ ಚಕ್ರ ಅತ್ತಿಸ್ದೆ ಗಾಡಿ ಮನೆ ದಾಟಬಾರ್ದು."

ಆಯುಧಪೂಜೆಯ ದಿನ ಕಾರ್ಖಾನೆಯ ಪೂಜೆ ಮುಗಿಸಿಕೊಂಡು ಮಧ್ಯಾಹ್ನ ಹೋದೆ. ಪ್ಲಗ್ಗು ಅಂಗಿ ಜೇಬಿನಲ್ಲಿತ್ತು. ಅವರು ಗಾಡಿ ಒರೆಸಿ ಸೇವಂತಿಗೆ ಹಾರ ತಂದಿಟ್ಟಿದ್ದರು. ಚಕ್ರಗಳಿಗೆ ಗಾಳಿ ಹೊಡೆದೆ, ಕುಂಕುಮ ಹಚ್ಚಿದೆ, ಎರಡೂ ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟೆ. ಮಂಗಳಾರತಿ ಆಯಿತು. "ಮೊದ್ಲು ಪುರಿ ತಿನ್ನಿ, ಆಮ್ಯಾಕೆ ತಳ್ಳೀರಂತೆ" ಎಂದರು. ಹಜಾರದಲ್ಲಿ ಆ ಬಾಗಿಲಿಗೆ ಎದುರಾಗಿಯೇ ಕೂತು ಪುರಿ, ಕಡಲೆ ತಿಂದೆವು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಹತ್ತು ನಿಮಿಷವಾಗಿರಬೇಕು. ಒಂದು ಚೂರು ಸದ್ದೂ ಕೇಳಿಸಲಿಲ್ಲ.

ಎದ್ದು ಹೋಗಿ ನೋಡುತ್ತೇನೆ, ಗಾಡಿ ಸ್ಟ್ಯಾಂಡ್ ಹಾಕಿದ ಹಾಗೇ ಒಂದು ಮೊಳ ಮುಂದೆ ನಿಂತಿದೆ. ಎರಡೂ ನಿಂಬೆಹಣ್ಣು ಅಪ್ಪಚ್ಚಿಯಾಗಿ ಚಕ್ರಗಳ ಹಿಂದೆ ಬಿದ್ದಿವೆ. ನೆಲ ಇಳಿಜಾರೇ ಎಂದು ಬಗ್ಗಿ ನೋಡಿದೆ. ಸಪಾಟಾಗಿತ್ತು. ಇಂಜಿನ್ ಮೇಲೆ ಅಂಗೈ ಇಟ್ಟೆ, ಚುರ್ ಎಂದಿತು. ಪ್ಲಗ್ಗು ಇರಬೇಕಾದ ಜಾಗದಲ್ಲಿ ಬರೀ ತೂತು. ನನ್ನ ಜೇಬನ್ನು ಎರಡು ಸಲ ಮುಟ್ಟಿ ನೋಡಿಕೊಂಡೆ.

ಮುನಿಯಮ್ಮ ಹೆದರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. "ನೋಡಿದ್ರಾ, ಅವ್ರೇ ಅತ್ತಿಸಿ ಕೊಟ್ಟವ್ರೆ. ಇನ್ನೇನು ಸ್ವಾಮಿ, ತಗೊಂಡೋಗಿ."

ದೆವ್ವವನ್ನು ನಂಬದ ನಾನು ಏನು ಮಾಡಿದೆ ಗೊತ್ತೇ? "ನಾಳೆ ಟೆಂಪೋ ತರ್ತೀನಮ್ಮಾ" ಎಂದೆ. ಬಸ್ ಸ್ಟಾಪಿನವರೆಗೂ ಹಿಂತಿರುಗಿ ನೋಡಲಿಲ್ಲ. ಪ್ಲಗ್ಗನ್ನು ಅಲ್ಲಿ ಕೊಡದೆ ಜೇಬಿನಲ್ಲೇ ತಂದುಬಿಟ್ಟೆನೆಂದು ಹೊಳೆದದ್ದು ದಾಸರಹಳ್ಳಿಯ ಮನೆಗೆ ಬಂದ ಮೇಲೇ. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಇಲ್ಲ.

ಕಾರಣ ಹುಡುಕದೆ ಬಿಟ್ಟಿಲ್ಲ. ಬಿಸಿಲಿಗೆ ಕಾದಿತ್ತೇ? ಕೋಣೆಗೆ ಕಿಟಕಿಯೇ ಇಲ್ಲ. ಯಾರಾದರೂ ತಳ್ಳಿದರೇ? ಬಾಗಿಲು ನಮ್ಮ ಕಣ್ಣೆದುರಿಗೇ ಇತ್ತು. ನನ್ನ ಭ್ರಮೆಯೇ? ಅಂಗೈಯ ಬೊಬ್ಬೆ ಒಂದು ವಾರ ಇತ್ತು, ಮುಲಾಮು ಹಚ್ಚಿದವಳು ಹೆಂಡತಿ. ಅಷ್ಟು ವರ್ಷ ಯಂತ್ರಗಳ ಜೊತೆ ಏಗಿದವನಿಗೆ ಇದೊಂದು ಇವತ್ತಿಗೂ ಬಗೆಹರಿದಿಲ್ಲ.

ಇದಾಗಿ ನಾಲ್ಕು ವರ್ಷವಾಯಿತು. ಈ ಸಲದ ಆಯುಧಪೂಜೆಗೆ ಮುನಿಯಮ್ಮ ಫೋನ್ ಮಾಡಿದ್ದರು. ಗಾಡಿಯನ್ನು ಯಾರಿಗೂ ಕೊಟ್ಟಿಲ್ಲವಂತೆ.

"ವರ್ಸಾ ವರ್ಸಾ ನಿಂಬೆಹಣ್ಣು ಇಡ್ತಾನೇ ಇವ್ನಿ ಸ್ವಾಮಿ. ಇಟ್ಟಂಗೇ ಒಣಗೋಯ್ತವೆ. ಅವತ್ತು ಅವ್ರು ಅತ್ತಿಸಿದ್ದು ನಿಮಗೇ. ಯಾವಾಗ ಬತ್ತೀರಾ?"

"ಬರ್ತೀನಮ್ಮಾ" ಎಂದೆ.

ಪ್ಲಗ್ಗು ನನ್ನ ಲೇತ್ ಪಕ್ಕದ ಡ್ರಾಯರಿನಲ್ಲಿದೆ. ತುಕ್ಕು ಹಿಡಿಯದಿರಲೆಂದು ತಿಂಗಳಿಗೊಮ್ಮೆ ಎಣ್ಣೆ ಸವರಿ ಇಡುತ್ತೇನೆ.