ಲಿಫ್ಟಣ್ಣ ಕಾರಿನಿಂದ ಇಳಿಯದ ದಿನ

ಕೂರುವುದು ಎಲ್ಲರಿಗೂ ಬರುತ್ತದೆ ಎಂದುಕೊಂಡವರು ಲಿಫ್ಟಣ್ಣನನ್ನು ನೋಡಿಲ್ಲ. ನಾವು ನೀವು ಕೂರುವುದೆಲ್ಲ ಏಳುವುದಕ್ಕೆ ಮುಂಚಿನ ಒಂದು ಏರ್ಪಾಡು, ಅಷ್ಟೇ. ಲಿಫ್ಟಣ್ಣ ಕೂತರೆ, ತಾನು ಯಾಕೆ ಹುಟ್ಟಿದೆ ಎಂದು ಕುರ್ಚಿಗೇ ಅರ್ಥವಾಗುತ್ತಿತ್ತು. ಎತ್ತರದ ಕಚೇರಿ ಕಟ್ಟಡವೊಂದರ ಲಿಫ್ಟಿನಲ್ಲಿ, ಗುಂಡಿಗಳ ಪಕ್ಕದ ಸ್ಟೂಲಿನ ಮೇಲೆ ಕೂತು, ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುತ್ತಲೇ ತಲೆ ನರೆಸಿಕೊಂಡು ನಿವೃತ್ತನಾದ ಮನುಷ್ಯ ಅವನು. ಒಮ್ಮೆ ಲಿಫ್ಟು ಎರಡು ಮಹಡಿಗಳ ನಡುವೆ ಕೆಟ್ಟು ನಿಂತಿತಂತೆ. ಒಳಗಿದ್ದ ದೊಡ್ಡ ಸಾಹೇಬರು ಬಾಗಿಲು ಗುದ್ದಿದರು, ಸತ್ತ ಅಮ್ಮನನ್ನು ಕೂಗಿದರು, ಕಡೆಗೆ ಟೈ ಸಡಿಲಿಸಿ ನೆಲದ ಮೇಲೆ ಕುಕ್ಕರಿಸಿ, ಹೆಂಡತಿಗೂ ಹೇಳದ ಗುಟ್ಟುಗಳನ್ನೆಲ್ಲ ಒಂದೊಂದಾಗಿ ಒಪ್ಪಿಸಿಬಿಟ್ಟರು. ಲಿಫ್ಟಣ್ಣ ಕರ್ಚೀಫು ತೆಗೆದು ಗುಂಡಿಗಳನ್ನು ಒರೆಸುತ್ತಾ ಕೂತಿದ್ದ. ಹೊರಗಿನಿಂದ ಬಾಗಿಲು ಮೀಟಿ ತೆಗೆದವರನ್ನು ಅವನು ಕೇಳಿದ್ದು ಒಂದೇ ಮಾತು: “ಎಷ್ಟನೇ ಮಹಡಿ?”

ಈ ಪುರಾಣಕ್ಕೆ ಬೀದಿಯೆಲ್ಲ ತಲೆದೂಗುತ್ತಿತ್ತು, ಅವನ ಹೆಂಡತಿ ಪರದೆಯಮ್ಮ ಒಬ್ಬಳನ್ನು ಬಿಟ್ಟು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಅರ್ಧ ಊರಿನ ಕಿಟಕಿಗಳಿಗೆ ಮಾನ ಮುಚ್ಚಿದ ಹೆಂಗಸು ಆಕೆ. ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದ ಗಂಡನನ್ನು ಕಟ್ಟಿಕೊಂಡು ಆಕೆಗೆ ಸಾಕಾಗಿಹೋಗಿತ್ತು. ನಲ್ಲಿ ರಿಪೇರಿಯವನು ನಲ್ಲಿಯನ್ನು ಇನ್ನಷ್ಟು ಸೋರಿಸಿ ಹೋದರೂ ಲಿಫ್ಟಣ್ಣ ಕೇಳಿದ್ದು ಕೊಟ್ಟು ಕಳಿಸುತ್ತಿದ್ದ. ಚಪ್ಪಲಿ ಅಂಗಡಿಯವನು ಎರಡೂ ಎಡಗಾಲಿನವೇ ಕಟ್ಟಿಕೊಟ್ಟಾಗ, “ಪರವಾಗಿಲ್ಲ ಬಿಡೆ, ಅಭ್ಯಾಸ ಆಗುತ್ತೆ” ಎಂದಿದ್ದ. ಟೋಪಿ ಹಾಕುವವರಿಗೆ ಕೈಗೆಟುಕಲಿ ಎಂದೇ ದೇವರು ಈ ತಲೆಯನ್ನು ಇಷ್ಟು ಕೆಳಗೆ ಇಟ್ಟಿದ್ದಾನೆ ಎನ್ನುವುದು ಪರದೆಯಮ್ಮನ ಖಚಿತ ಅಭಿಪ್ರಾಯವಾಗಿತ್ತು.

ಪರದೆಗಳನ್ನು ಮನೆಮನೆಗೆ ಸಾಗಿಸಲು ಆಕೆ ಒಂದು ಹಳೆಯ ಕಾರು ಕೊಂಡಿದ್ದಳು. ಓಡಿಸುವವನು ಲಿಫ್ಟಣ್ಣ. ಆ ಕಾರಿಗೆ ಒಂದು ರೋಗ ಬಂತು. ಡ್ರೈವರ್ ಕಡೆಯ ಬಾಗಿಲು ಒಳಗಿನಿಂದ ತೆಗೆಯಲು ಬಾರದು. ಕೀಲಿ ತಿರುಗಿಸಿ ಗಾಜು ಇಳಿಸಿ, ಕೈ ಹೊರಗೆ ಹಾಕಿ, ಹೊರಗಿನ ಹಿಡಿಯನ್ನು ಎಳೆಯಬೇಕು. ಗ್ಯಾರೇಜಿನವನು ಬಾಗಿಲಿನ ಒಳಹೊದಿಕೆ ಬಿಚ್ಚಿ, ಏನನ್ನೋ ಬಿಗಿದು, ಲೇಬರ್ ಚಾರ್ಜು ಎಣಿಸಿಕೊಂಡ. ವಾರ ತುಂಬುವುದರೊಳಗೆ ರೋಗ ಮರಳಿ ಬಂತು, ಕಾರೂ ಗ್ಯಾರೇಜಿಗೆ ಮರಳಿತು. ಈಗ ಅದೇ ಹೊದಿಕೆಯನ್ನು ಮತ್ತೆ ಬಿಚ್ಚಿದ್ದಕ್ಕೆ ಮತ್ತೆ ಲೇಬರ್ ಚಾರ್ಜು ಎಂದು ಫೋನು ಬಂದಿತ್ತು.

ಪರದೆಯಮ್ಮ ಕತ್ತರಿ ಕೆಳಗಿಟ್ಟಳು.

“ರೀ, ಕೇಳಿಸ್ಕೊಳ್ಳಿ. ನಾನು ಹೊಲಿದ ಅಂಚು ಬಿಚ್ಕೊಂಡ್ರೆ ಮತ್ತೆ ಹೊಲ್ಕೊಡೋಕೆ ಕೂಲಿ ಕೇಳ್ತೀನಾ?”

“ಇಲ್ಲ.”

“ಮತ್ತೆ ಅವನ್ಯಾವ ದೊಡ್ಡ ಮನುಷ್ಯ? ಒಂದೇ ಕೆಲ್ಸಕ್ಕೆ ಎರಡನೇ ಸಲ ಕೂಲಿ ಕೊಟ್ಟು ಬಂದ್ರೋ, ಕಾರಲ್ಲೇ ಇದ್ಬಿಡಿ. ಮನೆಗೆ ಬರ್ಬೇಡಿ.”

“ಆಯ್ತು” ಎಂದು ಲಿಫ್ಟಣ್ಣ ಹೊರಟ. ಇಷ್ಟು ವರ್ಷದ ಸಂಸಾರದಲ್ಲಿ ಆ “ಆಯ್ತು” ಎಷ್ಟು ಸಲ ಅವಳನ್ನು ಮುಳುಗಿಸಿತ್ತೋ. ಇವತ್ತೂ ಕೊಟ್ಟೇ ಬರುತ್ತಾನೆ ಎಂದುಕೊಂಡು, ಆ ಸಿಟ್ಟಿನಲ್ಲಿ ಒಂದು ಪರದೆಯ ಅಂಚನ್ನು ಸೊಟ್ಟಗೆ ಹೊಲಿದಳು. ಅವಳಿಗೆ ಬೇಕಾಗಿದ್ದುದು ಹಣವಲ್ಲ. ಸಾಯುವುದರೊಳಗೆ ಒಂದೇ ಒಂದು ಸಲ ತನ್ನ ಗಂಡ ಯಾರಿಗಾದರೂ “ಕೊಡಲ್ಲ” ಎನ್ನುವುದನ್ನು ನೋಡಬೇಕಿತ್ತು.

ಇನ್ನು ಆ ಗ್ಯಾರೇಜಿನ ಯಜಮಾನ. ಹುಟ್ಟಿದಾಗಿನಿಂದ ಒಂದು ನಟ್ಟನ್ನೂ ಮುಟ್ಟದ ಕೈ, ಆ ಕೈಗೆ ಪರಿಮಳದ ಕ್ರೀಮು. ಬಿಳಿ ಅಂಗಿಯ ಮೇಲೆ ಎಣ್ಣೆಯ ಹನಿ ಬಿದ್ದರೆ ಅದೇ ಕ್ಷಮೆ ಕೇಳಬೇಕು, ಹಾಗೆ ಓಡಾಡುತ್ತಿದ್ದ. ಗಿರಾಕಿಗಳನ್ನು ಸುಲಿಯಲು ಅವನದೇ ಒಂದು ಪದ್ಧತಿಯಿತ್ತು. ರಿಪೇರಿಯಾದ ಕಾರನ್ನು ಗೇಟಿನ ಬಾಯಿಗೆ ತಂದು, ಮೂತಿ ರಸ್ತೆಯ ಕಡೆ ಮಾಡಿ ನಿಲ್ಲಿಸುವುದು. “ಬನ್ನಿ ಸಾರ್, ಕೂತು ಸೀಟು ಸರಿಮಾಡ್ಕೊಳ್ಳಿ” ಎಂದು ಗಿರಾಕಿಯನ್ನು ಕೂರಿಸಿ, ತಾನೇ ಬಾಗಿಲು ಹಾಕುವುದು. ಆಮೇಲೆ ಒಂದು ಕೈಯಲ್ಲಿ ಬಿಲ್ಲು, ಇನ್ನೊಂದು ಕೈಯಲ್ಲಿ ಕೀಲಿ ಹಿಡಿದು ಕಿಟಕಿಯ ಹತ್ತಿರ ಬರುವುದು. ಎದುರಿಗೆ ರಸ್ತೆ ಕಾಣುತ್ತಿರುವಾಗ, ಕೂತವನಿಗೆ ಜಗಳವಾಡುವ ಮನಸ್ಸೆಲ್ಲಿ ಬರಬೇಕು? ಈ ಬೋನಿಗೆ ಬಿದ್ದು ಎಂಥೆಂಥ ಗಂಡುಗಲಿಗಳು ಬಾಲ ಮುದುರಿಕೊಂಡು ಪರ್ಸು ಬಿಚ್ಚಿದ್ದರು.

ಲಿಫ್ಟಣ್ಣನನ್ನೂ ಹಾಗೆಯೇ ಕೂರಿಸಿದ. ಬಾಗಿಲು ಹಾಕಿದ. ಬಿಲ್ಲು ತಂದ.

ಮಧ್ಯಾಹ್ನದ ಹೊತ್ತಿಗೆ ಪರದೆಯಮ್ಮನಿಗೆ ಫೋನು ಬಂತು. “ಮೇಡಂ, ನಿಮ್ಮ ಯಜಮಾನ್ರು ಬೆಳಿಗ್ಗೆಯಿಂದ ಕಾರಲ್ಲಿ ಕೂತು ಗಲಾಟೆ ಮಾಡ್ತಿದಾರೆ.”

“ಗಲಾಟೆನಾ? ಯಾರು, ನಮ್ಮನೆಯವ್ರಾ? ನಂಬರ್ ತಪ್ಪಿರ್ಬೇಕು ನೋಡಿ.”

“ಈ ಬಿಲ್ ಹೋದ ಸಲಾನೇ ಕೊಟ್ಟಾಯ್ತಲ್ಲ ಅಂದ್ರು. ಇಳಿದು ಒಳಗೆ ಬನ್ನಿ ಮಾತಾಡೋಣ ಅಂದೆ. ತಲೆ ಅಲ್ಲಾಡಿಸಿದ್ರು. ಆಮೇಲೆ ಮಾತೂ ಇಲ್ಲ ಕತೆನೂ ಇಲ್ಲ. ಗೇಟಿಗೆ ಅಡ್ಡ ಕೂತ್ಬಿಟ್ಟಿದಾರೆ!”

ಪರದೆಯಮ್ಮ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಸ್ಸು ಹತ್ತಿದಳು.

ಗ್ಯಾರೇಜಿನ ಗೇಟಿನಲ್ಲಿ ಕಂಡ ದೃಶ್ಯಕ್ಕೆ ಅವಳ ಎದೆ ತುಂಬಿಬಂತು. ಕಾರಿನ ಎಡ ಮಗ್ಗುಲು ಗೇಟಿನ ಕಂಬಕ್ಕೆ ಒತ್ತಿಕೊಂಡು ನಿಂತಿತ್ತು. ಹಿಂದೆ ಹೊರಗೆ ಹೋಗಲಾಗದ ಕಾರುಗಳ ಸಾಲು, ಅವುಗಳ ಒಡೆಯರ ಗೊಣಗಾಟ. ಎಲ್ಲದರ ಮುಂದೆ, ನಾಲ್ಕು ಬೆರಳು ಮಾತ್ರ ತೆರೆದಿದ್ದ ಗಾಜಿನ ಹಿಂದೆ, ಅವಳ ಗಂಡ ಬೆವರಲ್ಲಿ ತೊಯ್ದು ಸಿಂಹಾಸನದ ಮೇಲಿದ್ದಂತೆ ಕೂತಿದ್ದ. ಕರ್ಚೀಫಿನಿಂದ ರೇಡಿಯೋದ ಗುಂಡಿಗಳನ್ನು ಒರೆಸುತ್ತಿದ್ದ.

“ನೋಡಿ ಮೇಡಂ” ಎಂದು ಯಜಮಾನ ಕ್ರೀಮಿನ ಕೈ ಚಾಚಿದ. “ಹೋದ ಸಲ ಬಿಚ್ಚಿದ್ದು ಬೇರೆ ಕಾರಣಕ್ಕೆ, ಈ ಸಲ ಬಿಚ್ಚಿದ್ದು ಬೇರೆ ಕಾರಣಕ್ಕೆ. ಬಿಚ್ಚಿದ್ಮೇಲೆ ಲೇಬರ್ ಲೇಬರ್ರೇ.”

“ಎರಡು ಸಲಾನೂ ರೋಗ ಒಂದೇ ಅಲ್ವೇನಪ್ಪಾ? ನೀನು ಸರಿಯಾಗಿ ಮಾಡ್ದೇ ಇದ್ದಿದ್ದೇ ಕಾರಣ. ಅದಕ್ಕೂ ಕೂಲಿ ಕೊಡ್ಬೇಕಾ?”

“ನಿಮಗೆ ಟೆಕ್ನಿಕಲ್ ವಿಷ್ಯ ಗೊತ್ತಾಗಲ್ಲ ಮೇಡಂ.”

ಪರದೆಯಮ್ಮ ಅವನ ತಲೆಯ ಮೇಲಿಂದ ಆಫೀಸಿನ ಕಿಟಕಿಯ ಕಡೆ ನೋಡಿ ಮೂಗು ಮುರಿದಳು. “ನನಗೆ ಪರದೆ ವಿಷ್ಯ ಗೊತ್ತಾಗುತ್ತೆ. ಅಲ್ಲಿ ನೇತಾಕಿದೀಯಲ್ಲ, ಒಂದು ಕಡೆ ಮೊಣಕಾಲಿಗೆ, ಇನ್ನೊಂದು ಕಡೆ ಪಾದಕ್ಕೆ. ಅದನ್ನ ಹೊಲಿದವನಿಗೂ ಎರಡೆರಡು ಸಲ ಕೂಲಿ ಕೊಟ್ಯಾ? ಕೊಟ್ಟಿರಲ್ಲ ಬಿಡು. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ.”

ಹಿಂದಿನ ಕಾರುಗಳ ನಡುವಿನಿಂದ ಯಾರೋ ಕಿಸಕ್ಕನೆ ನಕ್ಕರು. ಸಾಲಿನಲ್ಲಿದ್ದ ಒಬ್ಬ ದಪ್ಪ ಮೀಸೆಯವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. “ರೀ, ನನ್ನ ಹತ್ರಾನೂ ಬ್ರೇಕ್ ಬಿಚ್ಚಿದ್ದಕ್ಕೆ ಎರಡು ಸಲ ತಗೊಂಡ್ರಲ್ವಾ ನೀವು?”

“ಸಾರ್, ನಿಮ್ದು ಬೇರೆ ಕೇಸು...”

“ಏನ್ರೀ ಬೇರೆ? ಅವ್ರು ಮನುಷ್ಯರು, ಹಂಗೇ ಕೂತಿದಾರೆ. ನಾನು ಕತ್ತೆ, ಕೊಟ್ಟು ಹೋದೆ. ಅಷ್ಟೇ ವ್ಯತ್ಯಾಸ!”

ಗೊಣಗಾಟ ಒಮ್ಮೆಲೇ ಗದ್ದಲವಾಯಿತು. ಬೆಳಿಗ್ಗೆಯಿಂದ ಲಿಫ್ಟಣ್ಣನನ್ನು ಬೈಯುತ್ತಿದ್ದ ಅದೇ ಬಾಯಿಗಳು ಈಗ ಅವನನ್ನು ಹೊಗಳತೊಡಗಿದವು. ಜನ ಎಂದರೆ ಇಷ್ಟೇ. “ಗಂಡಸು ಅಂದ್ರೆ ಇವ್ರಪ್ಪಾ!” ಎಂದರು. “ನಾಳೆಯಿಂದ ನಾನೂ ಇಲ್ಲೇ ಬಂದು ಕೂರ್ತೀನಿ” ಎಂದು ಮೀಸೆಯವನು ಗುಡುಗಿದ. ನಾಳೆ ಅವನು ಎಲ್ಲಿಯೂ ಕೂರುವವನಲ್ಲ, ಮಾತು ಹೇಗೂ ಪುಕ್ಕಟೆ. ಯಜಮಾನ ಮೊದಲು ನಕ್ಕ, ಆಮೇಲೆ ಗದರಿದ, ಆಮೇಲೆ ಗಾಳಿ ಬಿಟ್ಟ ಟೈರಿನಂತೆ ಮೆತ್ತಗಾದ. ಅವನದೇ ಬೋನು ಅವನ ಬಾಗಿಲಿಗೇ ಅಡ್ಡ ನಿಂತಿತ್ತು. ಕೀಲಿ ಅವನ ಕೈಯಲ್ಲಿದ್ದರೇನು, ಓಡಿಸುವ ಸೀಟಿನಲ್ಲಿ ಲಿಫ್ಟಣ್ಣನಿದ್ದ. ಬಿಲ್ಲಿನ ಮೇಲೆ ಪೆನ್ನಿನಿಂದ ಉದ್ದಕ್ಕೆ ಗೀಟು ಎಳೆದು, ಕೀಲಿಯನ್ನು ಗಾಜಿನ ಸಂದಿನಿಂದ ಒಳಕ್ಕೆ ಹಾಕಿದ. “ಹೋಗಿ ಸಾರ್. ದಯವಿಟ್ಟು ಹೋಗಿ.”

ಲಿಫ್ಟಣ್ಣ ಕಾರನ್ನು ನಿಧಾನವಾಗಿ ರಸ್ತೆಗಿಳಿಸಿ ನಿಲ್ಲಿಸಿದ. ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಪರದೆಯಮ್ಮ ಇನ್ನೊಂದು ಕಡೆಯಿಂದ ಹತ್ತಿ ಪಕ್ಕದಲ್ಲಿ ಕೂತಳು. ಕಾರು ಹೊರಟಿತು. ಕೊರಳಿನ ಟೇಪು ತೆಗೆದು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಮದುವೆಯಾದ ಹೊಸತರಲ್ಲಿ ನೋಡಿದ್ದ ಹಾಗೆ ಗಂಡನ ಕಡೆ ಓರೆಗಣ್ಣಿನಿಂದ ನೋಡಿದಳು. ಆ ಬೆವರಿನ ಮುಖದಲ್ಲಿ ಅವಳಿಗೆ ಯಾವುದೋ ಕೋಟೆ ಗೆದ್ದು ಬಂದ ಸೇನಾಪತಿ ಕಾಣಿಸಿದ.

“ರೀ” ಎಂದಳು, ದನಿ ಇಳಿಸಿ. “ನಾನು ನಿಮ್ಮನ್ನ ಏನೇನೋ ಅಂದಿದೀನಿ. ಅದನ್ನೆಲ್ಲ ಮರ್ತುಬಿಡಿ. ಆದ್ರೆ ಒಂದು ಮಾತು ಹೇಳಿ. ಆ ಬಿಸಿಲಲ್ಲಿ, ಅಷ್ಟು ಜನ ಬೈತಾ ಇದ್ರೂ, ಇಳೀದೆ ಕೂತ್ರಲ್ಲ, ಎಲ್ಲಿಂದ ಬಂತ್ರೀ ಅಷ್ಟು ಧೈರ್ಯ?”

ಲಿಫ್ಟಣ್ಣ ಗೇರು ಬದಲಿಸಿದ.

“ಬಾಗಿಲು ಒಳಗಿಂದ ಇನ್ನೂ ತೆಗೆಯೋಕೆ ಬರ್ತಿಲ್ಲ ಕಣೆ. ಹೊರಗಿಂದ ಯಾರಾದ್ರೂ ಬಂದು ತೆಗೀತಾರೆ ಅಂತ ಕಾಯ್ತಿದ್ದೆ.”