ಫಾನ್ ಡಿಂಗನ ಜೋಡು

ಗಾವೋಚಾಂಗ್ ಊರಿನ ಪಡುವಣ ಓಣಿಯಲ್ಲಿ ಸತ್ತವರಿಗೆ ಜೋಡು ಮಾಡುತ್ತಿದ್ದವಳು ಯೂನಿಯಾಂಗ್ ಒಬ್ಬಳೇ. ಕಾಗದದ ಜೋಡು. ಕಚೇರಿಯಲ್ಲಿ ಕೆಲಸ ಮುಗಿದ ಹಳೆಯ ಕಾಗದ ಕಟ್ಟುಕಟ್ಟಾಗಿ ಅವಳ ಮನೆಗೆ ಬರುತ್ತಿತ್ತು. ಹೆಣದ ಪಾದ ಅಳೆದು, ಆ ಅಳತೆಗೆ ಕತ್ತರಿಸಿ, ಮೂರು ಪದರ ಅಂಟಿಸುವಳು. ಬರೆದ ಮಗ್ಗುಲು ಒಳಗೆ ಬರಬೇಕು. ಅಂಟು ಒಣಗಿದ ಮೇಲೆ ಹೊರಮೈಗೆ ಮಸಿ ಬಳಿದರೆ ಮುಗಿಯಿತು. ಸತ್ತವರು ನಡೆಯುವ ದಾರಿಗೆ ಅಷ್ಟು ಗಟ್ಟಿ ಸಾಕು.

ಜೋಡಿಲ್ಲದೆ ಹೋದವರು ನಡುಮಧ್ಯಾಹ್ನ, ಜನರೆಲ್ಲ ಬಿಸಿಲಿಗೆ ಹೆದರಿ ನೆಲಮಾಳಿಗೆ ಸೇರಿರುವಾಗ, ಬರಿಗಾಲಲ್ಲಿ ಬಂದು ತಮ್ಮ ಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ ಎನ್ನುವುದು ಆ ಊರಿನ ಕೂಸಿಗೂ ಗೊತ್ತು. ಬಂದವರನ್ನು ಒಳಗೆ ಕರೆಯಬಾರದು. ಬಾಗಿಲು ಹಾಕಿಕೊಂಡು, ಜೋಡು ಮಾಡಿಸಿ ಗೋರಿಗೆ ಕಳಿಸಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಬದುಕಿರುವವನ ಅಳತೆಗೆ ಕಾಗದ ಕತ್ತರಿಸಿ ಹೂಳಿದರೆ ಅವನಿಗೆ ಊರಿನ ದಾರಿ ಮುಚ್ಚಿಹೋಗುತ್ತದೆ.

ಯೂನಿಯಾಂಗಳ ಗಂಡ ಫಾನ್ ಡಿಂಗ್ ರೇಷ್ಮೆ ಹೊತ್ತ ಒಂಟೆಗಳ ಜೊತೆ ಪಡುವಣದ ಕೂಚಾ ಕಡೆಗೆ ಹೋಗಿ ಏಳು ವರ್ಷವಾಗಿತ್ತು. ಬದುಕಿದ್ದಾನೆಂದೂ ಸುದ್ದಿಯಿಲ್ಲ, ಸತ್ತನೆಂದೂ ಇಲ್ಲ. ಮೊದಲ ನಾಲ್ಕು ವರ್ಷ ಅತ್ತೆ ದಿನವೂ ಮಗನ ದಾರಿ ಕಾದವಳು. ಐದನೆಯ ವರ್ಷ ಇದ್ದಕ್ಕಿದ್ದಂತೆ ಮಾತು ಬದಲಾಯಿಸಿದಳು. ಹೆಣ ಸಿಗದಿದ್ದರೇನು, ಮರದ ಗೊಂಬೆ ಮಾಡಿಸಿ ಹೂಳೋಣ, ನೀನು ಜೋಡು ಮಾಡು ಎಂದು ಮೂರು ವರ್ಷ ಸೊಸೆಯ ಬೆನ್ನು ಬಿಡಲಿಲ್ಲ. ಸೊಸೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆ ಬೇಸಿಗೆಯಲ್ಲಿ ಮುದುಕಿ ತಾನೇ ಗೊಂಬೆ ಮಾಡಿಸಿ ತಂದಳು. ಹೂಳುವ ದಿನ ಆರನೇ ತಿಂಗಳ ಹದಿನೆಂಟೆಂದು ಗೊತ್ತಾಯಿತು. ಇನ್ನು ಹತ್ತು ದಿನ ಉಳಿದಿತ್ತು.

ಗಂಡನ ಪಾದದ ಅಳತೆ ಯೂನಿಯಾಂಗಳ ಗೇಣಿನಲ್ಲೇ ಇತ್ತು. ಇನ್ನು ತಪ್ಪದೆಂದು ಅಂಟು ಕುದಿಸಿಟ್ಟು, ಕಟ್ಟಿನಿಂದ ಒಂದು ಹಾಳೆ ಎಳೆದು ಹಾಸಿದಳು. ಅವಳಿಗೆ ಗೊತ್ತಿದ್ದದ್ದು ಹನ್ನೆರಡೇ ಅಕ್ಷರ: ಒಂದರಿಂದ ಹತ್ತರವರೆಗಿನವು, ಮತ್ತೆ ಮದುವೆಯಾದ ವರ್ಷ ಗಂಡ ಹಿಟ್ಟಿನ ಮೇಲೆ ಬೆರಳಿಂದ ಬರೆದು ಕಲಿಸಿದ್ದ ಅವನ ಹೆಸರಿನ ಎರಡು. ಕತ್ತರಿ ಇಡಬೇಕಾದ ಜಾಗದಲ್ಲಿ ಆ ಎರಡು ಅಕ್ಷರ ಇದ್ದವು. ಅವಳು ಕತ್ತರಿ ಕೆಳಗಿಟ್ಟಳು. ಅಂಟಿನ ಪಾತ್ರೆ ಮುಚ್ಚಿ, ಹಾಳೆ ಮಡಿಸಿಕೊಂಡು ಪೇಟೆಯಲ್ಲಿ ಅರ್ಜಿ ಬರೆಯುವ ಸುವೊ ತಾತನ ಹತ್ತಿರ ಹೋದಳು.

ಅದು ಪಡುವಣ ಗಡಿಯ ಕಾವಲುಕಟ್ಟೆಯ ಕಾಗದ. ತಾತ ಬೆರಳಿಟ್ಟು ಓದಿದ: "ಫಾನ್ ಡಿಂಗ್. ವಯಸ್ಸು ಮೂವತ್ತೆರಡು. ಕತ್ತೆ ಒಂದು, ಬೂದು ಬಣ್ಣ, ಎಡಗಿವಿ ಸೀಳಿದೆ. ಪಡುವಣದಿಂದ ಒಳಗೆ ಬಿಡಲಾಯಿತು." ತಾರೀಖು ಮೂರು ವರ್ಷದ ಹಿಂದಿನದು, ಆರನೇ ತಿಂಗಳದು. ಆ ಕಟ್ಟೆಯಿಂದ ಇವರ ಬಾಗಿಲಿಗೆ ಒಂದೂವರೆ ದಿನದ ನಡಿಗೆ.

"ತಾತ, ಸತ್ತೋರನ್ನೂ ಬರ್ಕೋತಾರಾ ಅಲ್ಲಿ?"

"ಸತ್ತೋರು ಮುದ್ರೆ ಹಾಕಿಸ್ಕೊಂಡು ಬರಲ್ಲಮ್ಮ. ಹಾಗೇನಾದ್ರೂ ಬರ್ತಿದ್ರೆ ನನಗೆ ಇನ್ನೊಂದಿಷ್ಟು ಕೆಲಸ ಸಿಗೋದು," ಎಂದು ನಗಲು ಹೋದವನು ಅವಳ ಮುಖ ನೋಡಿ ಹಾಳೆ ಮಡಿಸಿ ಅವಳ ಕೈಗಿಟ್ಟ.

ಅಲ್ಲಿಂದ ಅವಳು ಊರಿನ ಒಂಟೆಕಟ್ಟೆಗಳನ್ನೆಲ್ಲ ಸುತ್ತಿದಳು. ಕಿವಿ ಸೀಳಿದ ಬೂದುಕತ್ತೆಯ ನೆನಪು ಯಾರಿಗೂ ಇರಲಿಲ್ಲ. ಮನೆಗೆ ಬಂದಾಗ ಅತ್ತೆ ನೆಲಮಾಳಿಗೆಯಲ್ಲಿ ಒಣದ್ರಾಕ್ಷಿಯ ಕಡ್ಡಿ ಕೀಳುತ್ತಿದ್ದಳು. ಯೂನಿಯಾಂಗ್ ಹಾಳೆ ಬಿಚ್ಚಿ ಮುಂದಿಟ್ಟು, ತಾತ ಓದಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಮುದುಕಿಯ ಕೈ ನಿಂತಿತು.

"ಬಂದಿದ್ದ," ಎಂದಳು.

"ಯಾರು, ಅತ್ತೆ?"

"ಆ ವರ್ಷವೇ. ನೀನು ಬೆಳಿಗ್ಗೆ ಕಾಲುವೆಗೆ ಬಟ್ಟೆ ಒಗೆಯೋಕೆ ಹೋದೋಳು ಮಧ್ಯಾಹ್ನ ಆದ್ರೂ ಬಂದಿರಲಿಲ್ಲ. ನೀರಿಗೆ ಅಂತ ಮೇಲೆ ಹೋದೆ, ಬಾಗಿಲಲ್ಲಿ ನಿಂತಿದ್ದ. ಒಂದು ಸಲ ಮುಖ ನೋಡಿದೆ. ಆಮೇಲೆ ಕಾಲು ನೋಡಿದೆ. ಬರಿಗಾಲು ಕಣೇ. ಬಾಗಿಲು ಹಾಕ್ದೆ. ಜೋಡು ಮಾಡಿಸ್ತೀನಿ ಮಗಾ, ಹೋಗು ಅಂದೆ."

"ಕತ್ತೆ ಇತ್ತಾ?"

"ನೋಡಲಿಲ್ಲ."

"ನೆರಳು ಬಿದ್ದಿತ್ತಾ?"

"ನೆತ್ತಿ ಮೇಲೆ ಸೂರ್ಯ ಇದ್ದಾಗ ಯಾರಿಗೆ ನೆರಳಿರುತ್ತೆ?"

ಬಾಗಿಲಾಚೆ ಏನೂ ಸದ್ದಾಗಲಿಲ್ಲವಂತೆ. ತಟ್ಟಲಿಲ್ಲ, ಕೂಗಲಿಲ್ಲ. ಸಂಜೆ ತೆರೆದು ನೋಡಿದರೆ ಯಾರೂ ಇರಲಿಲ್ಲ. ಮರಳುಗಾಡು ದಾಟಿ ಬಂದವನ ಜೋಡು ಹರಿದುಹೋಗಿರಬಹುದು, ನೀರಿಲ್ಲದೆ ಅವನ ನಾಲಿಗೆ ಕಟ್ಟಿರಬಹುದು. ಇದನ್ನು ಇಬ್ಬರೂ ಯೋಚಿಸಿದರು.

"ಸತ್ತಿದ್ರೆ ಮೂರು ವರ್ಷದಿಂದ ಸುಡೋ ಕಲ್ಲಿನ ಮೇಲೆ ನಡೀತಿದಾನೆ. ಕತ್ತರಿಸು," ಎಂದಳು ಅತ್ತೆ.

"ಬದುಕಿದ್ರೆ?"

ಮುದುಕಿ ಮತ್ತೆ ದ್ರಾಕ್ಷಿಗೆ ಕೈಹಾಕಿದಳು.

ಯೂನಿಯಾಂಗ್ ಆ ಹಾಳೆ ಕತ್ತರಿಸಲಿಲ್ಲ. ಸೆಣಬು ಹೊಸೆದು, ಬದುಕಿದವರು ಮೆಟ್ಟುವಂಥ ಜೋಡು ಹೆಣೆದಳು. ನಾಲ್ಕು ದಿನ ಹಿಡಿಯಿತು. ಅದನ್ನು ಹೊಸ್ತಿಲಾಚೆ, ಮೂತಿ ಒಳಮುಖವಾಗಿ ಇಟ್ಟು ಅತ್ತೆಗೆ ಹೇಳಿದಳು: ಹದಿನೆಂಟರವರೆಗೆ ಇರಲಿ, ಅಂದೂ ಇಲ್ಲೇ ಉಳಿದರೆ ಕಾಗದ ಕತ್ತರಿಸುತ್ತೇನೆ, ಗೊಂಬೆ ಹೂಳಿಬಿಡಿ.

ಹದಿನೈದು, ಹದಿನಾರು, ಹದಿನೇಳು. ಜೋಡಿನ ಮೇಲೆ ಧೂಳು ಕೂತಿತು. ಹದಿನೆಂಟರ ಬೆಳಿಗ್ಗೆಯೂ ಇತ್ತು. ಗೊಂಬೆ ಹೊರುವವರು ಬಿಸಿಲು ಇಳಿದ ಮೇಲೆ ಬರುವುದೆಂದಾಗಿತ್ತು. ಮಧ್ಯಾಹ್ನ ಓಣಿಯಲ್ಲಿ ನರಪಿಳ್ಳೆಯಿರಲಿಲ್ಲ. ಅತ್ತೆ ಸೊಸೆ ನೆಲಮಾಳಿಗೆಯಲ್ಲಿ ಎದುರುಬದುರು ಕೂತಿದ್ದರು. ಎಷ್ಟೋ ಹೊತ್ತಿನ ಮೇಲೆ ಮೆಟ್ಟಿಲು ಹತ್ತಿ ಬಂದು ನೋಡಿದರೆ, ಹೊಸ್ತಿಲಾಚೆ ಧೂಳಿಲ್ಲದ ಎರಡು ಗುರುತು ಮಾತ್ರ ಉಳಿದಿದ್ದವು.

ಕಳ್ಳರೂ ಒಯ್ದಿರಬಹುದು ಎಂದು ಹೊರುವವರು ಹೇಳಿದರು. ಮನೆಯವರು ಯಾರೂ ಒಪ್ಪಲಿಲ್ಲ. ಮಗನಿಗೆ ಜೋಡು ಸಿಕ್ಕಿತು, ಇನ್ನು ಹೂಳುವುದೇನೂ ಬೇಡ ಎಂದಳು ಅತ್ತೆ. ಗಂಡ ಮೆಟ್ಟಿಕೊಂಡು ಹೋದ, ಹೂಳುವ ಮಾತೆಲ್ಲಿ ಬಂತು ಎಂದಳು ಸೊಸೆ. ಗೊಂಬೆಯನ್ನು ನೆಲಮಾಳಿಗೆಯ ಮೂಲೆಯಲ್ಲಿ ಮುಖ ಗೋಡೆಗೆ ಮಾಡಿ ನಿಲ್ಲಿಸಿದರು. ಅಂದಿನಿಂದ ಒಂದೇ ಮನೆಯಲ್ಲಿ, ಒಂದೇ ನವಣೆ ಗಂಜಿ ಕುಡಿದುಕೊಂಡು, ಒಬ್ಬಳು ಸತ್ತವನ ತಾಯಿಯಾಗಿ, ಇನ್ನೊಬ್ಬಳು ಬದುಕಿರುವವನ ಹೆಂಡತಿಯಾಗಿ ಬಾಳಿದರು.

ಸೆಣಬಿನ ಜೋಡು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಮರುವರ್ಷ ಆರನೇ ತಿಂಗಳಲ್ಲಿ ಯೂನಿಯಾಂಗ್ ಇನ್ನೊಂದು ಜೊತೆ ಹೆಣೆದಿಟ್ಟಳು. ಅದೂ ಹೋಯಿತು. ಅದರ ಮರುವರ್ಷ ಹೊಸದು ಹೋದ ಜಾಗದಲ್ಲಿ ಹಳೆಯದೊಂದು ಜೊತೆ ಇತ್ತು. ಹೆಣಿಗೆ ಅವಳದೇ. ಅಟ್ಟೆ ತೂತುಬಿದ್ದಿತ್ತು, ಒಳಗೆಲ್ಲ ಮರಳು.

ಅವಳು ಅದನ್ನು ತಂದು ಮುದುಕಿಯ ಮಡಿಲಲ್ಲಿಟ್ಟಳು. "ನೋಡಿ ಅತ್ತೆ, ಹೇಗೆ ಸವೆದಿದೆ. ಸತ್ತೋರು ಸವೆಸ್ತಾರಾ?"

ಆ ಹೊತ್ತಿಗೆ ಬಿಸಿಲಿಗೆ ಕಾದ ಅಂಗಳದ ಕಲ್ಲಿನ ಮೇಲೆ ಕೈಯಿಡಲು ಆಗುತ್ತಿರಲಿಲ್ಲ. ಮುದುಕಿ ಜೋಡಿನೊಳಗೆ ಕೈ ತೂರಿಸಿ, ಬೆರಳ ತುದಿಯವರೆಗೂ ಒತ್ತಿ, ಬಹಳ ಹೊತ್ತು ಹಾಗೇ ಇಟ್ಟುಕೊಂಡಳು.

"ನೀನೇ ಕೈಹಾಕಿ ನೋಡು," ಎಂದಳು. "ಬಾವಿ ನೀರಿನ ಹಾಗೆ ತಣ್ಣಗಿದೆ."