ಗಾಲಿ ಕುರ್ಚಿಯ ಸುಖ

ನನ್ನ ಗಂಡ ಬೇಗಂ ಬಜಾರಿನಲ್ಲಿ ಪ್ಲಾಸ್ಟಿಕ್ ಬಕೆಟ್, ಡಬ್ಬಿಗಳ ಸಗಟು ವ್ಯಾಪಾರಿ. ಅರವತ್ತೆರಡರಲ್ಲೂ ಗೋದಾಮಿನ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯುತ್ತಾರೆ. ನಾದಿನಿಯ ಮಗಳ ಮದುವೆಗೆ ಅಮೆರಿಕಕ್ಕೆ ಹೊರಡುವುದು ನಿಶ್ಚಯವಾದ ದಿನದಿಂದ ಅವರಿಗೆ ಒಂದೇ ಧ್ಯಾನ: ಅಷ್ಟು ದೂರ ವಿಮಾನದಲ್ಲಿ ಮೈ ನೋಯದಂತೆ ಕೂರುವುದು ಹೇಗೆ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕುತ್ತಿಗೆಗೆ ದಿಂಬು, ಕಣ್ಣಿಗೆ ಪಟ್ಟಿ, ಮೊಣಕಾಲಿನವರೆಗೆ ಬರುವ ಬಿಗಿ ಕಾಲುಚೀಲ ಕೊಂಡರು. ತಾಸಿಗೊಮ್ಮೆ ಎದ್ದು ಓಡಾಡಬೇಕೆಂದು ಕಲಿತು, ಪಡಸಾಲೆಯಲ್ಲಿ ಅಭ್ಯಾಸವನ್ನೂ ಮಾಡಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಜಾಣರೆನ್ನಬಹುದಿತ್ತು.

ಹೊರಡುವ ವಾರ, "ನನಗ ವೀಲ್‌ಚೇರ್ ಬೇಕಂತ ಟಿಕೆಟ್‌ನ್ಯಾಗ ಬರೆಸೀನಿ," ಎಂದರು.

"ಯಾಕ್ರೀ? ಕಾಲಿಗೆ ಏನಾಗೇತಿ?"

"ಏನೂ ಆಗಿಲ್ಲ, ಆಗಬಾರ್ದು ಅಂತನ. ಲೈನ್‌ನ್ಯಾಗ ನಿಂದ್ರೂದಿಲ್ಲ, ನಡಿಯೂದಿಲ್ಲ, ಮುಂದಿನ ಸೀಟ್ ಕೊಡ್ತಾರ. ಬಜಾರದಾಗ ಭಾಳ ಮಂದಿ ಹಂಗ ಹೋಗ್ತಾರ. ನೀ ಸುಮ್ಮನಿರು."

ನಾನು ಹಿಮಾಯತ್‌ನಗರದ ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಸುಳ್ಳು ಅರ್ಜಿಗಳನ್ನು ಹಿಡಿದು ವಾಪಸು ಕಳಿಸಿದವಳು. ಸುಮ್ಮನಿದ್ದೆ.

ನಿಲ್ದಾಣದಲ್ಲಿ ಅವರು ನಿಜಾಮರಂತೆ ಕುರ್ಚಿಯಲ್ಲಿ ಕೂತರು. ಒಬ್ಬ ಹೆಂಗಸು ತಳ್ಳಿದಳು. ಅವರ ದಿಂಬು, ನನ್ನ ಚೀಲ ಎರಡನ್ನೂ ಹೊತ್ತು ನಾನು ಹಿಂದೆ ಓಡಿದೆ. ಸಾಲುಗಳೆಲ್ಲ ನಮಗೆ ದಾರಿ ಬಿಟ್ಟವು. ವಿಮಾನದಲ್ಲಿ ಕಾಲು ಚಾಚುವಷ್ಟು ಜಾಗವಿದ್ದ ಸೀಟೇ ಸಿಕ್ಕಿತು. ಜೊತೆಗಿದ್ದ ಪುಣ್ಯಕ್ಕೆ ನನಗೂ.

ಮಧ್ಯೆ ವಿಮಾನ ಬದಲಿಸಿದ ಮೇಲೆ ಹದಿನೈದು ತಾಸಿನ ದೊಡ್ಡ ಹಾರಾಟ. ಮೊದಲ ತಾಸು ಮುಗಿಯುತ್ತಲೇ ಇವರು ಓಡಾಡಲು ಎದ್ದರು. ಗಗನಸಖಿ ಗಾಬರಿಯಿಂದ ಓಡಿ ಬಂದು, ಭುಜ ಹಿಡಿದು ಕೂರಿಸಿದಳು. "ಸರ್, ಆಪ್ ಬೈಠಿಯೇ. ಏನು ಬೇಕೋ ನಾವು ತಂದುಕೊಡ್ತೀವಿ," ಎಂದು ಹಿಂದಿಯಲ್ಲಿ ಹೇಳಿದಳು. ಇವರಿಗೆ ಬೇಕಾಗಿದ್ದುದು ನಡಿಗೆ. ಅದನ್ನು ಯಾರು ತಂದುಕೊಟ್ಟಾರು? ಎರಡನೆಯ ಸಲ ಎದ್ದಾಗಲೂ ಅದೇ. ಶೌಚಾಲಯಕ್ಕೆ ಹೋಗುವಾಗ ಇಬ್ಬರು ತೋಳು ಹಿಡಿದು ನಡೆಸಿದರು, ಬಾಗಿಲ ಹೊರಗೇ ಕಾದು ನಿಂತರು. ಆಮೇಲೆ ಇವರು ನೀರು ಕುಡಿಯುವುದನ್ನೇ ಬಿಟ್ಟರು.

"ಖರೇ ಹೇಳಿ ಬಿಡ್ರಿ," ಎಂದೆ.

"ಏನಂತ ಹೇಳಲಿ? ನನ್ನ ಕಾಲು ಛಲೋ ಐತಿ, ಮಾಫ್ ಮಾಡ್ರಿ ಅಂತೇನು?"

ನಾನು ಕಾಲು ಚಾಚಿ ಹಾಯಾಗಿ ನಿದ್ದೆ ಮಾಡಿದೆ. ಎಚ್ಚರವಾದಾಗ ಅವರ ಪಾದಗಳು ಬಾತು ಬೂಟಿನೊಳಗೆ ಹೋಗದಾಗಿದ್ದವು.

ಅಮೆರಿಕದಲ್ಲಿ ಇಳಿದರೆ ವೀಲ್‌ಚೇರಿನವರದೇ ಒಂದು ಮೆರವಣಿಗೆ. ನಮ್ಮ ಕಡೆಯವರೇ ಹೆಚ್ಚು. ನಡೆದು ಬಂದವರು ಪಕ್ಕದ ಸಾಲಿನಲ್ಲಿ ಸರಸರನೆ ಮುಂದೆ ಹೋದರು, ನಾವು ಕಾದೆವು. ನಮ್ಮ ಹಿಂದೆ ನಿಜಾಮಾಬಾದಿನ ಒಬ್ಬ ಮುದುಕಿ ಕೋಲೂರಿ, ಗೋಡೆ ಹಿಡಿದು ನಿಂತಿದ್ದಳು. ತನಗೂ ಕುರ್ಚಿ ಬೇಕೆಂದು ಹೇಳಿದ್ದಳಂತೆ, ಕುರ್ಚಿ ಸಾಲದೆ ಅವಳಿಗೆ ಸಿಕ್ಕಿರಲಿಲ್ಲ.

"ಏಳ್ರಿ," ಎಂದೆ.

"ಈಗ ಎದ್ರ ಎಲ್ಲಾರಿಗೂ ಗೊತ್ತಾಗ್ತೈತಿ," ಎಂದು ಪಿಸುಗುಟ್ಟಿದರು.

ನಾನು ಮುಖ ತಿರುಗಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು, ಮುದುಕಿಯ ಕೈಹಿಡಿದು ಕೂರಿಸಿದರು. ಅಷ್ಟು ಮಾತ್ರ ನಾನು ಅವರ ಪರವಾಗಿ ಹೇಳಲೇಬೇಕು. ಆದರೆ ಮಾನ ಉಳಿಯಬೇಕಲ್ಲ, ಬಲಗಾಲು ಎಳೆಯುತ್ತ ನಡೆಯತೊಡಗಿದರು. ಇಪ್ಪತ್ತು ಹೆಜ್ಜೆ ಕಳೆದಾಗ ಎಳೆಯುತ್ತಿದ್ದುದು ಎಡಗಾಲು.

ಮುದುಕಿ ಕುರ್ಚಿಯಿಂದಲೇ ನೋಡುತ್ತಿದ್ದಳು. "ಇಂದಾಕ ಆ ಕಾಲು ಕದಾ, ಬಿಡ್ಡಾ?" ಎಂದು ತೆಲುಗಿನಲ್ಲಿ ಕೇಳಿದಳು. ಆಗಲೇ ಆ ಕಾಲಲ್ಲವೇನಪ್ಪಾ, ಎಂದು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಕಾಳಜಿಯಿತ್ತು.

ಇವರು ಅಲ್ಲಿಂದ ಹೊರಬಾಗಿಲವರೆಗೆ ಎರಡೂ ಕಾಲಲ್ಲಿ ನೆಟ್ಟಗೆ, ಬೂಟು ಕೈಯಲ್ಲಿ ಹಿಡಿದು ನಡೆದರು.

ಮರಳುವ ಟಿಕೆಟ್‌ನಿಂದ ವೀಲ್‌ಚೇರನ್ನು ಅವರೇ ತೆಗೆಸಿದರು. ನಮಗೆ ಹಿಂದಿನ ಸಾಲಿನ ನಡುವಿನ ಸೀಟುಗಳು ಸಿಕ್ಕವು. ತಾಸಿಗೊಮ್ಮೆ ಎದ್ದು ಓಡಾಡಿದರು, ಯಾರೂ ತಡೆಯಲಿಲ್ಲ. ನನಗೆ ಮಾತ್ರ ಮೊಣಕಾಲು ಮಡಚಿ ಕೂತು ಕೂತು ಜೀವ ಹೋಯಿತು. ಆ ಮುಂದಿನ ಸೀಟಿನ ನೆನಪು ಪದೇ ಪದೇ ಬಂತೆಂದು ಇಂದಿಗೂ ಅವರಿಗೆ ಹೇಳಿಲ್ಲ.